ಎರಡು ಬೀಗದ ಕೈಗಳ ಲ್ಯಾಪ್‌ಟಾಪು

ಮೂವತ್ತೊಂದು ವರ್ಷ ಉಡುಪಿಯ ನೋಂದಣಿ ಕಚೇರಿಯಲ್ಲಿ ಪರರ ಆಸ್ತಿಪತ್ರಗಳಿಗೆ ಮುದ್ರೆಯೊತ್ತಿ ನಿವೃತ್ತನಾದ ನನಗೆ, ನಿವೃತ್ತಿಯ ಎರಡನೆಯ ವರ್ಷದಲ್ಲಿ ಒಂದು ಪದವಿ ಪ್ರಾಪ್ತವಾಯಿತು. ಹೊಸ ಶತಮಾನಕ್ಕೆ ಆಗ ನಾಲ್ಕೈದು ವರ್ಷ ವಯಸ್ಸು. ಕಾಪುವಿನ ಹತ್ತಿರ ನಾನು ಓದಿದ ಕನ್ನಡ ಶಾಲೆಗೆ ಎಪ್ಪತ್ತೈದು. ಅಮೃತ ಮಹೋತ್ಸವವೆಂದ ಮೇಲೆ ಸಮಿತಿ, ಸಮಿತಿಯೆಂದ ಮೇಲೆ ಸ್ಮರಣ ಸಂಚಿಕೆ, ಸಂಚಿಕೆಯೆಂದ ಮೇಲೆ ಸಂಪಾದಕ. ಮೊದಲ ಸಭೆಯ ಕರಪತ್ರದಲ್ಲಿ ಮೂರು ತಪ್ಪು ತೋರಿಸಿದ ಅಪರಾಧಕ್ಕಾಗಿ ಆ ಹುದ್ದೆಯನ್ನು ನನಗೆ ವಿಧಿಸಲಾಯಿತು.

ಸಮಿತಿಯಲ್ಲಿ ಇಪ್ಪತ್ತಮೂರು ಜನರಿದ್ದರೂ ಅದು ನಿಂತದ್ದು ಇಬ್ಬರ ಮೇಲೆ. ಅಧ್ಯಕ್ಷರು ಹದಿನಾಲ್ಕನೆಯ ವಯಸ್ಸಿಗೆ ಮುಂಬೈಗೆ ಹೋಗಿ, ಹೋಟೆಲಿನಲ್ಲಿ ತಟ್ಟೆ ತೊಳೆಯುವುದರಿಂದ ಆರಂಭಿಸಿ, ಕೊನೆಗೆ ಎರಡು ಹೋಟೆಲುಗಳ ಧಣಿಯಾಗಿ ಊರಿಗೆ ಮರಳಿದವರು. ಕಾರ್ಯದರ್ಶಿಗಳು ಊರು ಬಿಟ್ಟು ಹೋಗದೆ ಮಲ್ಲಿಗೆ ಬೆಳೆದವರು. ಔಷಧಿಯ ಡಬ್ಬದೊಳಗಿನ ಸಣ್ಣ ಅಕ್ಷರದ ಚೀಟಿಯನ್ನೂ ಕೊನೆಯ ಸಾಲಿನವರೆಗೆ ಓದುವ ಶಿಸ್ತಿನವರು. ಅಧ್ಯಕ್ಷರ ತಂಗಿಯನ್ನು ಕಾರ್ಯದರ್ಶಿಗಳು ಮದುವೆಯಾದ ಕಾರಣ ಇಬ್ಬರೂ ಪರಸ್ಪರ ಭಾವಂದಿರು. ತುಳುನಾಡಿನಲ್ಲಿ ಭಾವನೆಂದರೆ ಗೇಲಿ ಮಾಡಲು ಪರವಾನಗಿ ಪಡೆದ ವ್ಯಕ್ತಿ. ಇವರು ಆ ಪರವಾನಗಿಯನ್ನು ನಲವತ್ತು ವರ್ಷ ತಪ್ಪದೆ ಬಳಸಿಕೊಂಡು ಬಂದವರು.

ಇವರಿಬ್ಬರ ಮನೆತನಗಳಿಗೆ ಇನ್ನೊಂದು ಜವಾಬ್ದಾರಿಯೂ ಇತ್ತು. ನಮ್ಮೂರ ದೈವದ ಭಂಡಾರದ ಪೆಟ್ಟಿಗೆಗೆ ಎರಡು ಬೀಗ. ಒಂದರ ಕೈ ಅಧ್ಯಕ್ಷರ ಮನೆಯಲ್ಲಿ, ಇನ್ನೊಂದರದ್ದು ಕಾರ್ಯದರ್ಶಿಗಳ ಮನೆಯಲ್ಲಿ. ವರ್ಷಕ್ಕೊಮ್ಮೆ ದೈವಕ್ಕೆ ನಡೆಯುವ ನೇಮೋತ್ಸವದ ಸಮಯದಲ್ಲಿ ಇಬ್ಬರೂ ಮಿಂದು ಬಂದು, ಎದುರುಬದುರು ನಿಂತು ತೆರೆದರೆ ಮಾತ್ರ ದೈವದ ಆಭರಣ ಹೊರಗೆ ಬರುವುದು. ಒಬ್ಬರಿಗೆ ಸೂತಕವಾದರೆ ಆ ಮನೆತನದ ಬೇರೊಂದು ಕವಲಿನಿಂದ ಯಾರಾದರೂ ಬರಬೇಕು. ಒಂದೇ ಕೈಯಿಂದ ಪೆಟ್ಟಿಗೆ ತೆರೆದ ದಾಖಲೆ ಊರಿನಲ್ಲಿ ಇಲ್ಲ. ಈ ಪದ್ಧತಿಯೇ ಮುಂದೆ ನನ್ನ ಸಂಪಾದಕತ್ವಕ್ಕೆ ಸಂಚಕಾರ ತಂದಿತು.

ನಾನು ಕೈಬರಹದ ಪ್ರತಿ ಕೊಡುತ್ತೇನೆಂದರೆ ಮಣಿಪಾಲದ ಮುದ್ರಣಾಲಯದವರು ಒಪ್ಪಲಿಲ್ಲ. ಎಲ್ಲವನ್ನೂ ಕಂಪ್ಯೂಟರಿನಲ್ಲಿ ಹೊಡೆದು ತಂದರೆ ಬೇಗ ಆಗುತ್ತದೆ ಎಂದರು. ಮಣಿಪಾಲದಲ್ಲಿ ಪ್ರತಿ ವರ್ಷ ಪರೀಕ್ಷೆ ಮುಗಿಯುತ್ತಲೇ ಹುಡುಗರು ತಮ್ಮ ಸಂಸಾರವನ್ನೆಲ್ಲ ಮಾರಿ ಉತ್ತರಕ್ಕೆ ರೈಲು ಹತ್ತುವುದು ರೂಢಿ. ಅಂಗಡಿಯೊಂದರ ಗೋಡೆಯ ಚೀಟಿಯಲ್ಲಿ ಬಕೆಟು, ಟೇಬಲ್ ಫ್ಯಾನು, ಹಾಸಿಗೆಯ ಕೆಳಗೆ ನಾಲ್ಕನೆಯದಾಗಿ ಲ್ಯಾಪ್‌ಟಾಪು ಇತ್ತು. ಅಧ್ಯಕ್ಷರು, ಕಾರ್ಯದರ್ಶಿಗಳು, ನಾನು ಮೂವರೂ ಹೋಗಿ ಆ ನಾಲ್ಕನೆಯದನ್ನು ಕೊಂಡೆವು. ನನ್ನ ವೃತ್ತಿಯ ಭಾಷೆಯಲ್ಲಿ ಅದರ ನಾಲ್ಕು ಗಡಿಗಳ ಚೆಕ್ಕುಬಂದಿ ಹೀಗೆ: ಮೂಡಕ್ಕೆ ಸಡಿಲವಾದ ಕೀಲು, ಪಡುವಕ್ಕೆ ಯಾರೋ ಉಗುರಿನಿಂದ ಕೆರೆದು ತೆಗೆದ ಸ್ಟಿಕ್ಕರಿನ ಅಂಟು, ತೆಂಕಕ್ಕೆ ಹಲ್ಲು ಬಿದ್ದಂತೆ ಕೀಲಿಮಣೆಯ ಒಂದು ಗುಂಡಿ ಇಲ್ಲದ ಜಾಗ, ಬಡಗಕ್ಕೆ ನಾಲ್ಕು ನಿಮಿಷ ಬದುಕುವ ಬ್ಯಾಟರಿ. ಬಿಲ್ಲು ಇರಲಿಲ್ಲ. ಅದು ತನ್ನ ತಂದೆಯ ಹೆಸರಿನಲ್ಲಿ ಊರಿನಲ್ಲಿದೆ ಎಂದು ಹುಡುಗ ಹೇಳಿದ. ಜೀವಮಾನವಿಡೀ ಮೂಲಪತ್ರ ಇಲ್ಲದ ಆಸ್ತಿಯನ್ನು ಮುಟ್ಟಬೇಡಿ ಎಂದು ಜನರಿಗೆ ಉಪದೇಶಿಸಿದ ನಾನೇ ಅದನ್ನು ಚೀಲದಲ್ಲಿ ಹಾಕಿಕೊಂಡು ಬಂದೆ.

ಹುಡುಗ ಹೊರಡುವ ಮೊದಲು, ಯಂತ್ರ ಎಚ್ಚರಗೊಳ್ಳುವ ಮುಂಚೆಯೇ ಒಂದು ಗುಂಡಿ ಒತ್ತಿದರೆ ಬರುವ ನೀಲಿ ಪರದೆಯನ್ನು ತೋರಿಸಿದ್ದ. ಅದರೊಳಗೆ ಪಾಸ್‌ವರ್ಡ್ ಇಟ್ಟರೆ ಯಂತ್ರವು ಹೆಸರು ಹೇಳಿದವರಿಗೆ ಮಾತ್ರ ಕಣ್ಣು ಬಿಡುತ್ತದೆಯಂತೆ. ಬಯೋಸ್ ಎಂದು ಅದರ ಹೆಸರು. ಕಾರ್ಯದರ್ಶಿಗಳಿಗೆ ಅದು ಬಹಳ ಹಿಡಿಸಿತು. ಬೇರೆ ಬೀಗಗಳೆಲ್ಲ ಒಳಗಿನ ಕೋಣೆಯ ಬೀಗ, ಇದು ಹೊಸ್ತಿಲ ಬೀಗ ಎಂದರು. ಅಧ್ಯಕ್ಷರಿಗೂ ಹಿಡಿಸಿತು, ಅವರ ಕಾರಣ ಬೇರೆ. ನೆರೆಯ ಊರಿನ ಶಾಲೆಯ ಸಂಚಿಕೆ ಬಿಡುಗಡೆಗೆ ಮುಂಚೆ ಯಾರ ಕೈಗೋ ಸಿಕ್ಕಿ, ಒಬ್ಬ ಗಣ್ಯರು ತಮ್ಮ ಫೋಟೋ ನಲವತ್ತನೆಯ ಪುಟದಲ್ಲಿದೆಯೆಂದು ತಿಳಿದು ಸಮಾರಂಭಕ್ಕೆ ಬಾರದೆ ಉಳಿದಿದ್ದರು. ಹಾಗಾಗಿ ನಮ್ಮದಕ್ಕೆ ಪ್ರತಿ ಒಂದೇ ಇರಬೇಕು, ಅದು ಈ ಯಂತ್ರದೊಳಗೇ ಇರಬೇಕು, ಸಿಡಿ ಗಿಡಿ ಕೂಡದು ಎಂದು ತೀರ್ಮಾನವಾಯಿತು.

ಪಾಸ್‌ವರ್ಡ್ ಯಾರ ಬಳಿ ಇರಬೇಕು ಎಂಬ ಪ್ರಶ್ನೆಗೆ ನಮ್ಮೂರಿನವರಲ್ಲಿ ಉತ್ತರ ಮೊದಲೇ ಸಿದ್ಧವಿತ್ತು. ಅರ್ಧ ಇವರಲ್ಲಿ, ಅರ್ಧ ಅವರಲ್ಲಿ. ಇಬ್ಬರೂ ನಾಲ್ಕು ದಿನ ತಮ್ಮ ತಮ್ಮ ಅರ್ಧವನ್ನು ಯೋಚಿಸಿದರು. ಐದನೆಯ ದಿನ ಅಧ್ಯಕ್ಷರ ಮನೆಯ ಚಾವಡಿಯಲ್ಲಿ, ದೀಪವೊಂದನ್ನು ಬಿಟ್ಟು ಉಳಿದೆಲ್ಲ ಸಾಂಗೋಪಾಂಗವಾಗಿ, ಕಾರ್ಯ ನೆರವೇರಿತು. ಅಧ್ಯಕ್ಷರು ಒತ್ತುವಾಗ ನಾವು ಗೋಡೆಯ ಕಡೆ ತಿರುಗಿ ನಿಂತೆವು. ಕಾರ್ಯದರ್ಶಿಗಳು ಒತ್ತುವಾಗ ಅಧ್ಯಕ್ಷರೂ ನನ್ನ ಜೊತೆ ಗೋಡೆಗೆ ಮುಖಮಾಡಿದರು. ಅಧ್ಯಕ್ಷರ ಅಕ್ಷರಗಳಿಗೆ ಯಂತ್ರ ಸುಮ್ಮನಿತ್ತು. ಕಾರ್ಯದರ್ಶಿಗಳ ಪ್ರತಿಯೊಂದು ಅಕ್ಷರಕ್ಕೂ 'ಕೀಂ' ಎಂದಿತು. ಐದು ಅಕ್ಷರ, ಐದು ಕೀಂ. ಇನ್ನೊಮ್ಮೆ ಒತ್ತಿ ಖಚಿತಪಡಿಸಿ ಎಂದು ಯಂತ್ರ ಕೇಳಿದಾಗಲೂ ಅದೇ ಐದು ಕೀಂ. ಇದನ್ನು ಕಾರ್ಯದರ್ಶಿಗಳು ಗೌರವವೆಂದು ಸ್ವೀಕರಿಸಿದರು. ಆಮೇಲೆ ಚೀಟಿ ಓದುವ ಸ್ವಭಾವದಿಂದ ಆ ನೀಲಿ ಪರದೆಯ ಇನ್ನೊಂದು ಸಾಲನ್ನೂ ಓದಿ, ಒಳಗಿನ ಡಿಸ್ಕಿಗೂ ಅದೇ ಬೀಗ ಹಾಕಿಸಿದರು.

ಯಂತ್ರ ಇದ್ದದ್ದು ನನ್ನ ಮನೆಯಲ್ಲಿ. ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಬಂದು ಅರ್ಧರ್ಧ ಒತ್ತಿ, ಚಹಾ ಕುಡಿದು ಹೋಗುತ್ತಿದ್ದರು. ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಆ ವರ್ಷ ಕರೆಂಟು ದಿನಕ್ಕೆ ಎರಡು ಸಲವಾದರೂ ಹೋಗುತ್ತಿತ್ತು. ಬ್ಯಾಟರಿಯ ಆಯುಷ್ಯ ನಾಲ್ಕು ನಿಮಿಷ, ಯಂತ್ರ ಸರಿಯಾಗಿ ಮುಚ್ಚಿಕೊಳ್ಳಲು ಬೇಕಾದದ್ದು ಐದು. ಕರೆಂಟು ಬಂದ ಕೂಡಲೇ ನಾನು ಎರಡು ಮನೆಗೂ ಫೋನು ಮಾಡಿ "ಬಂತು, ಬನ್ನಿ" ಎನ್ನುವುದು, ಅವರು ಬಂದು ಗೋಡೆ ನೋಡುವುದು, ಒತ್ತುವುದು. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಐದು ಕೀಂ ಎಣಿಸಿ ಚಹಾ ಸೋಸಲು ಕಲಿತಳು. ಅವಳ ಅಭಿಪ್ರಾಯ ಒಂದೇ: "ದೈವದ ಪೆಟ್ಟಿಗೆಯನ್ನು ವರ್ಷಕ್ಕೊಮ್ಮೆ ತೆರೆಯುವುದು ಯಾಕೆಂದು ಈಗ ಗೊತ್ತಾಯಿತು."

ಸಂಚಿಕೆಯ ನೂರಕ್ಕೆ ತೊಂಬತ್ತು ಭಾಗ ಎಲ್ಲ ಸಂಚಿಕೆಗಳಲ್ಲಿ ಇರುವಂಥದ್ದೇ: ಶುಭಾಶಯಗಳು, ಸಂದೇಶಗಳು, 'ನಮ್ಮ ಶಾಲೆ' ಎಂಬ ಒಂದೇ ಶೀರ್ಷಿಕೆಯ ಒಂಬತ್ತು ಲೇಖನಗಳು. ಅವು ಕಳೆದುಹೋದರೆ ನಾಡಿಗೆ ನಷ್ಟವಿರಲಿಲ್ಲ. ಮೂಲಪ್ರತಿಗಳೂ ನನ್ನ ಬಳಿ ಇದ್ದವು. ಒಂದು ಲೇಖನ ಮಾತ್ರ ಹಾಗಲ್ಲ. ಅದು ಟೀಚರದ್ದು.

ಟೀಚರ್ ನಮ್ಮ ಶಾಲೆಗೆ ಬಂದ ಮೊದಲ ಶಿಕ್ಷಕಿ. ಮೂವತ್ತನಾಲ್ಕು ವರ್ಷ ಕಲಿಸಿ, ಎಲ್ಲೂರಿನಲ್ಲಿ ಮೊಮ್ಮಗಳ ಜೊತೆ ಇದ್ದರು. ವಯಸ್ಸು ಎಂಬತ್ತಮೂರು, ಕಣ್ಣು ಪೂರಾ ಮಂಜು, ಧ್ವನಿ ಮಾತ್ರ ಕೊನೆಯ ಬೆಂಚಿಗೆ ಮುಟ್ಟುವಂಥದ್ದು. ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಅವರ ಚಿತ್ರದ ಕೆಳಗೆ 'ಮತ್ತಿತರರು' ಎಂದಿತ್ತು. ನಾನು ಲೇಖನ ಕೇಳಲು ಹೋದಾಗ ಅವರು ಒಪ್ಪಲು ಸ್ವಲ್ಪ ಸಮಯ ತೆಗೆದುಕೊಂಡರು.

"ಇಷ್ಟು ವರ್ಷದಲ್ಲಿ ನನಗೆ ವೇದಿಕೆಯಲ್ಲಿ ಮಾತನಾಡಿ ಎಂದು ಯಾರೂ ಹೇಳಲಿಲ್ಲ. ಮಕ್ಕಳನ್ನು ಸಾಲು ನಿಲ್ಲಿಸಿ ಎಂದು ಹೇಳಿದ್ದಾರೆ, ಅಷ್ಟೆ" ಎಂದರು. "ಹೇಳುತ್ತೇನೆ. ಆದರೆ ಒಂದೇ ಸಲ. ನೀನು ಬರೆದುಕೊಳ್ಳಬೇಕು, ಅದು ಅಚ್ಚಾಗಬೇಕು."

ಎಂಟು ಮಧ್ಯಾಹ್ನ ನಾವು ಎಲ್ಲೂರಿಗೆ ಹೋದೆವು. ನಾವು ಎಂದರೆ ನಾನು, ಯಂತ್ರ, ಮತ್ತು ಯಂತ್ರವನ್ನು ತೆರೆಯಲು ಬೇಕಾದ ಇಬ್ಬರು. ಅಧ್ಯಕ್ಷರ ಕಾರು. ಅರ್ಧರ್ಧ ಒತ್ತಿದ ಮೇಲೆ ಅವರಿಬ್ಬರೂ ಜಗಲಿಗೆ ಹೋಗಿ ಕೂರುತ್ತಿದ್ದರು. ಒಳಗೆ ಕೂರಲು ಟೀಚರ್ ಹೇಳಿರಲಿಲ್ಲ, ಕೇಳುವ ಧೈರ್ಯ ಅವರಿಗಿರಲಿಲ್ಲ. ಇಬ್ಬರೂ ಅವರ ಕೈಯಲ್ಲಿ ಪೆಟ್ಟು ತಿಂದವರು. ಶಾಲೆಯ ಆವರಣದಲ್ಲಿ ತುಳು ಮಾತನಾಡಿದರೆ ಕಿವಿ ಹಿಂಡುತ್ತಿದ್ದ ಕಾಲದವರಾದ್ದರಿಂದ, ಆ ಜಗಲಿಯಲ್ಲಿ ಭಾವಂದಿರಿಬ್ಬರೂ ಪಾಠಪುಸ್ತಕದ ಕನ್ನಡದಲ್ಲಿ ಪಿಸುಗುಟ್ಟುತ್ತಿದ್ದರು.

ಟೀಚರ್ ಹೇಳಿದ್ದನ್ನು ನಾನು ನೇರವಾಗಿ ಯಂತ್ರಕ್ಕೇ ಹೊಡೆದೆ. ಕಾಗದದಲ್ಲಿ ಒಂದು ಸಾಲೂ ಬರೆದಿಟ್ಟುಕೊಳ್ಳಲಿಲ್ಲ. ಹೊಸ ವಿದ್ಯೆಯ ಅಹಂಕಾರ. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ತಮ್ಮನನ್ನು ನೋಡಿಕೊಳ್ಳಲು ಶಾಲೆ ಬಿಟ್ಟಾಗ ಟೀಚರ್ ಅವಳ ಮನೆಗೆ ಹೋಗಿ ತಮ್ಮನನ್ನೂ ಕರೆತರಲು ಹೇಳಿದ್ದರಂತೆ. ತರಗತಿಯ ಮೂಲೆಯಲ್ಲಿ ತಮ್ಮದೇ ಹಳೆಯ ಸೀರೆಯಿಂದ ತೊಟ್ಟಿಲು ಕಟ್ಟಿದರು. ಮಗು ಏಳಬಾರದೆಂದು ಇಡೀ ತರಗತಿ ಆ ವರ್ಷ ಮಗ್ಗಿಯನ್ನು ಪಿಸುಮಾತಿನಲ್ಲಿ ಕಲಿಯಿತು. ನಾನು ಆ ತರಗತಿಯವನು. ಏಳರ ಮಗ್ಗಿಯನ್ನು ಇಂದಿಗೂ ನನಗೆ ಗಟ್ಟಿಯಾಗಿ ಹೇಳಲು ಬರುವುದಿಲ್ಲ. ಅದರ ಕಾರಣ ನನಗೆ ಹೊಳೆದದ್ದು ಅಂದು. ಇಂಥ ಹತ್ತಾರು ಸಂಗತಿಗಳನ್ನು ಅವರು, ನಡುವೆ ಒಂದೂ 'ಅಂದರೆ' ಇಲ್ಲದೆ, ವಾಕ್ಯಕ್ಕೆ ವಾಕ್ಯ ಜೋಡಿಸಿ ಹೇಳಿದರು. ಎಂಟನೆಯ ದಿನ "ಮುಗಿಯಿತು, ಇನ್ನು ನನ್ನಲ್ಲಿ ಇಲ್ಲ" ಎಂದು ಕೈ ಒರೆಸಿಕೊಂಡರು.

ಅದಾಗಿ ಮೂರನೆಯ ದಿನ ಊಟದ ವಿಷಯದಲ್ಲಿ ಸಮಿತಿಯ ಸಭೆ. ಸಾವಿರ ಜನರಿಗೆ ಎಲೆ ಹಾಕಿ ಬಡಿಸುವುದು ಕಷ್ಟ, ಈಗ ಎಲ್ಲ ಕಡೆ ಬಫೆ ಬಂದಿದೆ, ಅದನ್ನೇ ಮಾಡೋಣ ಎಂದು ಅಧ್ಯಕ್ಷರು ಸೂಚಿಸಿದರು. ಅಮೃತ ಮಹೋತ್ಸವಕ್ಕೆ ಬಂದವರನ್ನು ಭಿಕ್ಷೆಗೆ ನಿಲ್ಲಿಸಿದ ಹಾಗೆ ಸಾಲು ನಿಲ್ಲಿಸಲು ಆಗುವುದಿಲ್ಲ ಎಂದು ಕಾರ್ಯದರ್ಶಿಗಳು. ಇಲ್ಲಿಯವರೆಗೆ ಎಲ್ಲವೂ ಪರವಾನಗಿಯ ಮಿತಿಯಲ್ಲೇ ಇತ್ತು.

"ಮುಂಬೈಯಲ್ಲಿ ತಟ್ಟೆ ತೊಳೆದವರಿಗೆ ತಟ್ಟೆಯ ಮೇಲೆ ಪ್ರೀತಿ ಇರುವುದು ಸಹಜ, ಭಾವ" ಎಂದರು ಕಾರ್ಯದರ್ಶಿಗಳು.

ಅಧ್ಯಕ್ಷರು ತಮ್ಮ ತಟ್ಟೆ ತೊಳೆದ ಕಥೆಯನ್ನು ಪ್ರತಿ ಭಾಷಣದಲ್ಲೂ ತಾವೇ ಹೇಳುತ್ತಿದ್ದವರು. ಆದರೆ ತಾನು ಹೇಳುವುದು ಬೇರೆ, ಭಾವ ಹೇಳುವುದು ಬೇರೆ. ಅವರು ಎದ್ದು ನಿಂತು ಶಾಲು ಸರಿಮಾಡಿಕೊಂಡರು.

"ತೊಳೆದಿದ್ದೇನೆ. ಆ ತಟ್ಟೆಯ ದುಡ್ಡಿನಲ್ಲಿಯೇ ನಿಮ್ಮ ಮದುವೆ ಆದದ್ದು, ಭಾವ."

ಮರುದಿನ ಒಂಬತ್ತಕ್ಕೆ ಯಾರೂ ಬರಲಿಲ್ಲ. ನನ್ನ ಹೆಂಡತಿ ಮಾಡಿದ ಚಹಾವನ್ನು ನಾನೇ ಮೂರು ಲೋಟ ಕುಡಿದೆ. ಮುದ್ರಣಾಲಯದವರು ಕೊಟ್ಟ ಗಡುವಿಗೆ ಹನ್ನೆರಡು ದಿನ ಉಳಿದಿತ್ತು.

ಐದು ದಿನ ಫೋನಿನಲ್ಲಿ ಕಳೆದ ಮೇಲೆ, ಕಾರ್ಯದರ್ಶಿಗಳು ಕಾರ್ಕಳದಲ್ಲಿರುವ ಮಗಳ ಮನೆಗೆ ಹೋಗಿ ಕುಳಿತಿದ್ದಾರೆಂದು ತಿಳಿದು ನಾನು ಯಂತ್ರವನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಬಜಗೋಳಿಯ ರಸ್ತೆಯಲ್ಲಿ ಮನೆ. ಅವರು ಆರಾಮಕುರ್ಚಿಯಲ್ಲಿ ಪೇಪರು ಹಿಡಿದು, ಗಡಿಪಾರಾದ ಅರಸನ ಗಾಂಭೀರ್ಯದಲ್ಲಿದ್ದರು. ಮಗಳು ನೀರುದೋಸೆ ತಂದಿಟ್ಟಳು. ನಾನು ಟೀಚರ ವಿಷಯ ಹೇಳಿದೆ. ಅವರು ಪೇಪರು ಕೆಳಗಿಟ್ಟರು. ಟೀಚರದ್ದು ಹಾಳಾಗಬಾರದು ಎಂದು ಅವರಿಗೂ ಇತ್ತು. ಆದರೂ ತನ್ನ ಅರ್ಧವನ್ನು ಬಾಯಿಬಿಟ್ಟು ಹೇಳಲಾರೆ, ಚೀಟಿಯಲ್ಲಿ ಬರೆದುಕೊಡಲಾರೆ. ಯಂತ್ರಕ್ಕೆ ಹೇಳುವುದಾದರೂ ಎದುರಿಗೆ ಭಾವ ಇರಲೇಬೇಕು, ಅವರೇ ಮೊದಲು ಕರೆಯಬೇಕು ಎಂದರು. ನಾನು ಇನ್ನೂ ಎರಡು ದೋಸೆ ತಿಂದು ಹಿಂದಿರುಗಿದೆ.

ಮರುದಿನ ಮಣಿಪಾಲ. ಜೆರಾಕ್ಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಕಂಪ್ಯೂಟರ್ ರಿಪೇರಿಯವನಿದ್ದ. ಗದಗದ ಕಡೆಯವನು, ಮೂವತ್ತರ ಆಸುಪಾಸು, ಹಣೆಗೆ ಕಟ್ಟಿದ ಟಾರ್ಚಿನಿಂದಾಗಿ ಕಿವಿ ಮೂಗಿನ ಡಾಕ್ಟರನಂತೆ ಕಾಣುತ್ತಿದ್ದ. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವನು ನಗದೆ ಕೇಳಿದ. ಅದಕ್ಕಾಗಿ ಅವನನ್ನು ಈಗಲೂ ಗೌರವಿಸುತ್ತೇನೆ.

ಒಳಗಿನ ಸಣ್ಣ ಸೆಲ್ ತೆಗೆದರೆ ಪಾಸ್‌ವರ್ಡ್ ಮರೆತುಬಿಡುವ ಯಂತ್ರಗಳಿವೆ, ಇದು ಆ ಜಾತಿಯದಲ್ಲ ಎಂದ. ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಬಹುದಿತ್ತು, ಆದರೆ ನಿಮ್ಮವರು ಅದಕ್ಕೂ ಬೀಗ ಜಡಿದಿದ್ದಾರೆ. ಕಂಪನಿಯವರು ತೆರೆದುಕೊಡುತ್ತಾರೆ, ಬಿಲ್ಲು ಇದ್ದರೆ. ಬಿಲ್ಲಿನ ತಂದೆ ಉತ್ತರದಲ್ಲಿ, ಮಗನ ಫೋನು ಸ್ವಿಚ್ಡ್ ಆಫ್. ಮೂರು ಸಲ ತಪ್ಪು ಒತ್ತಿದರೆ ಇದು ಬಾಯಿ ಮುಚ್ಚಿಕೊಂಡು ಒಂದು ನಂಬರು ತೋರಿಸುತ್ತದೆ, ಆಮೇಲೆ ದೇವರೂ ಕಂಪನಿಗೇ ಫೋನು ಮಾಡಬೇಕು ಎಂದ. ನಾನು ಮಾತಿಗೆ ಮಾತೆಂದು, ಒಬ್ಬರಿಗೆ ಸುಮ್ಮನಿದ್ದು ಇನ್ನೊಬ್ಬರಿಗೆ ಮಾತ್ರ ಕೀಂ ಎನ್ನುವ ಈ ಯಂತ್ರದ ಪಕ್ಷಪಾತವನ್ನು ಹೇಳಿದೆ. ಅವನು ಟಾರ್ಚು ಆರಿಸಿದ.

"ಎಲ್ಲಾ ಅಕ್ಷರಕ್ಕೂ ಕೂಗತಿತ್ತೇನ್ರಿ, ಎರಡನೇದವರಿಗೆ?"

"ಐದಕ್ಕೆ ಐದೂ."

"ಹಂಗಾರ ಅವರದು ಒಳಗ ಹೋಗೇ ಇಲ್ರೀ ಸರ. ಇದಕ್ಕ ಎಂಟ ಅಕ್ಷರ ಅಷ್ಟ ಹಿಡಸ್ತೈತಿ. ಒಂಬತ್ತನೇದು ಒತ್ತಿದ್ರ ಒಲ್ಲೆ ಅಂತ ಕೂಗತೈತಿ. ಮೊದಲಿನವರು ಎಂಟೂ ತುಂಬಿಸ್ಯಾರ. ಅವರೊಬ್ರ ಬಂದು ಒತ್ತಿದ್ರ ಸಾಕ್ರಿ."

ನಾನು ಮಹಡಿ ಇಳಿದು ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ತುಂಬ ಹೊತ್ತು ಕುಳಿತೆ. ತಲೆಮಾರುಗಳಿಂದ ಊರಿನ ಎರಡನೆಯ ಬೀಗದ ಕೈ ಹಿಡಿದ ಮನೆತನದ ಯಜಮಾನರು, ಎರಡು ತಿಂಗಳಿಂದ ಪ್ರತಿದಿನ ಮಿಂದು ಬಂದು, ಮುಚ್ಚಿದ ಬಾಗಿಲಿನ ಹೊರಗೆ ನಿಂತು ಐದು ಸಲ ಬಡಿದು ಹೋಗುತ್ತಿದ್ದರು. ಒಳಗಿನಿಂದ ಬಂದದ್ದು ಬೈಗುಳ. ಅವರು ಅದನ್ನು ಸ್ವಾಗತವೆಂದು ತಿಳಿದಿದ್ದರು. ಇದು ಅಧ್ಯಕ್ಷರಿಗೆ ಗೊತ್ತಾದರೆ ಆ ಭಾವನಿಗೆ ಈ ಜನ್ಮದಲ್ಲಿ ಬಿಡುಗಡೆಯಿಲ್ಲ.

ಹಾಗಾಗಿ ಗುಟ್ಟು ಬಿಡದೆ ಕೆಲಸ ಸಾಧಿಸಲು ಸಂಜೆ ಅಧ್ಯಕ್ಷರ ಮನೆಗೆ ಹೋದೆ. ನಿಮ್ಮ ಅರ್ಧವನ್ನಷ್ಟೇ ಒಮ್ಮೆ ಒತ್ತಿ ನೋಡಿ, ಹಳೆಯ ಯಂತ್ರ, ತೆರೆದರೂ ತೆರೆದೀತು ಎಂದು, ಮೂವತ್ತೊಂದು ವರ್ಷದ ಸರಕಾರಿ ಸೇವೆಯಲ್ಲಿ ಕಲಿತ ಎಲ್ಲ ನಿರ್ಲಿಪ್ತತೆಯನ್ನು ಬಳಸಿ ಹೇಳಿದೆ.

ಅವರು ನನ್ನನ್ನು ಹೊಸದಾಗಿ ನೋಡಿದರು.

"ಭಾವ ಇಲ್ಲದೆಯಾ? ಎಂತ ಮಾತು ಮಾರಾಯ್ರೆ ಇದು. ಒಂದು ಕೈಯಲ್ಲಿ ತೆರೆದರೆ ಅದು ತೆರೆದದ್ದಲ್ಲ, ಕದ್ದದ್ದು. ನನಗೆ ಅವರ ಮುಖ ನೋಡಲಿಕ್ಕೆ ಮನಸ್ಸಿಲ್ಲ, ಸರಿ. ಹಾಗೆಂದು ಅವರ ಕೈ ತಪ್ಪಿಸಿ ನಾನು ಬೀಗ ತೆಗೆಯುವವನಲ್ಲ."

ಹಾಗಾದರೆ ಅವರನ್ನು ಕರೆಯಿರಿ ಎಂದೆ. ತಟ್ಟೆಯ ಮಾತು ಹಿಂದೆ ತೆಗೆದುಕೊಳ್ಳಲಿ ಎಂದರು. ಒಬ್ಬರು ಇನ್ನೊಬ್ಬರ ಹಕ್ಕನ್ನು ಕಾಯಲು ಪ್ರಾಣ ಕೊಡುವವರು, ಆದರೆ ಒಂದು ಫೋನು ಮಾಡಲಾರರು. ಗಡುವಿಗೆ ಆರು ದಿನ ಉಳಿದಿತ್ತು.

ಉಳಿದದ್ದು ಒಂದೇ ದಾರಿ. ಮರುದಿನ ಎಲ್ಲೂರಿಗೆ ಹೋಗಿ ಟೀಚರಿಗೆ ಎಲ್ಲವನ್ನೂ ಒಪ್ಪಿಸಿದೆ, ಮಣಿಪಾಲದಲ್ಲಿ ತಿಳಿದದ್ದೊಂದನ್ನು ಬಿಟ್ಟು. ಕಾಗದದಲ್ಲಿ ಬರೆದಿಟ್ಟುಕೊಳ್ಳದ ನನ್ನ ತಪ್ಪನ್ನೂ ಹೇಳಿದೆ. ಅವರು ಸೆರಗಿನ ತುದಿಯನ್ನು ಮಡಿಚಿ ಬಿಡಿಸಿ ಮಾಡಿದರು.

ಬೇಕಾದರೆ ನಾನು ಇನ್ನೊಮ್ಮೆ ಬಂದು ಕೂರುತ್ತೇನೆ, ಈ ಸಲ ಪೆನ್ನು ತರುತ್ತೇನೆ ಎಂದೆ.

"ಇಲ್ಲ. ಇನ್ನೊಮ್ಮೆ ಹೇಳಿದರೆ ಅದು ಪಾಠವಾಗುತ್ತದೆ. ಪಾಠ ನಾನು ಬೇಕಾದಷ್ಟು ಮಾಡಿದ್ದೇನೆ" ಎಂದರು. ಆಮೇಲೆ, "ಅವರಿಬ್ಬರಿಗೂ ಹೇಳು. ನಾಳೆ ಹತ್ತು ಗಂಟೆಗೆ ಇಲ್ಲಿ ಇರಬೇಕು. ಯಾರು ಮೊದಲು ಯಾರನ್ನು ಕರೆದದ್ದು ಎಂದು ಕೇಳಿದರೆ, ಟೀಚರ್ ಕರೆದದ್ದು ಎಂದು ಹೇಳು."

ಹತ್ತಕ್ಕೆ ಐದು ನಿಮಿಷವಿರುವಾಗಲೇ ಇಬ್ಬರೂ ಹಾಜರು. ಒಬ್ಬರು ಕಾರಿನಲ್ಲಿ, ಒಬ್ಬರು ಕಾರ್ಕಳದಿಂದ ಎರಡು ಬಸ್ಸು ಬದಲಿಸಿ. ಇಬ್ಬರೂ ತಲೆ ಬಾಚಿಕೊಂಡಿದ್ದರು. ಟೀಚರ್ ಮೊದಲ ಬಾರಿಗೆ ಅವರನ್ನು ಒಳಗೆ ಕರೆದು ಬೆಂಚಿನಲ್ಲಿ ಕೂರಿಸಿದರು. ಬೆಂಚಿನ ಎರಡು ತುದಿಗಳನ್ನು ಅವರು ಆರಿಸಿಕೊಂಡರು.

ಜಗಳ ಯಾವುದಕ್ಕೆ ಎಂದು ಟೀಚರ್ ಕೇಳಿದರು. ಇಬ್ಬರೂ ಪುಸ್ತಕದ ಕನ್ನಡದಲ್ಲಿ, ಸಂಕ್ಷಿಪ್ತವಾಗಿ ಉತ್ತರಿಸಿದರು. ಬಫೆ ಎಂದರೆ ನಿಂತುಕೊಂಡು ತಿನ್ನುವುದಲ್ಲವೇ ಎಂದು ಅವರು ಕೇಳಿದರು. ಹೌದು ಎಂದಾಯಿತು.

"ಹಾಗಾದರೆ ನಾನು ಎಲ್ಲಿ ಕೂರುವುದು?"

ಅಧ್ಯಕ್ಷರು ನೆಲ ನೋಡಿದರು. ಕಾರ್ಯದರ್ಶಿಗಳು ಗೆದ್ದ ಮುಖ ಮಾಡಲು ಆರಂಭಿಸುವಷ್ಟರಲ್ಲಿ ಟೀಚರ್ ಅವರ ಕಡೆ ತಿರುಗಿದರು. ತಟ್ಟೆ ತೊಳೆಯುವುದು ಕೀಳು ಎಂದು ನಾನು ಯಾವ ತರಗತಿಯಲ್ಲಿ ಕಲಿಸಿದ್ದು ಎಂದು ಕೇಳಿದರು. ಕಲಿಸಲಿಲ್ಲ ಟೀಚರ್ ಎಂದು ಅರವತ್ತು ದಾಟಿದ ಆ ಯಜಮಾನರು ಎದ್ದು ನಿಂತು ಹೇಳಿದರು. ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಎಳೆಯುವ ವ್ಯಾಜ್ಯಗಳನ್ನು ಕಂಡ ನನಗೆ ಆ ಎರಡು ನಿಮಿಷ ಮರೆಯಲಾರದ್ದು.

ಆಗ ಟೀಚರ್, ನ್ಯಾಯವನ್ನು ಪೂರ್ತಿಗೊಳಿಸುವ ಉತ್ಸಾಹದಲ್ಲಿ, ಇನ್ನೊಂದು ಮಾತನ್ನೂ ಹೇಳಿದರು. ಇಷ್ಟು ದಿನ ದೊಡ್ಡವನು ಮೊದಲು ಒತ್ತಿದ್ದಾನೆ. ಕಾರ್ಕಳದಿಂದ ಎರಡು ಬಸ್ಸು ಹಿಡಿದು ಬಂದವನು ಇವತ್ತು ಮೊದಲು ಒತ್ತಲಿ.

ನಾನು ಬಾಯಿ ತೆರೆದೆ. ಏನೆಂದು ಹೇಳುವುದು? ಕ್ರಮ ಬದಲಾದರೆ ತೆರೆಯದು ಎಂದರೆ, ಯಾಕೆ ಎಂದು ಚೀಟಿ ಓದುವ ಮನುಷ್ಯ ಕೇಳಿಯೇ ಕೇಳುತ್ತಾರೆ. ನಾನು ಬಾಯಿ ಮುಚ್ಚುವಷ್ಟರಲ್ಲಿ ಉಳಿದವರು ಗೋಡೆಗೆ ತಿರುಗಿದ್ದರು. ಕಾರ್ಯದರ್ಶಿಗಳು ಐದು ಅಕ್ಷರ ಒತ್ತಿದರು. ಮೌನ. ಅಧ್ಯಕ್ಷರು ಒತ್ತಿದರು. ಮೂರು ಅಕ್ಷರ ಮೌನ, ಆಮೇಲೆ ಐದು ಕೀಂ. ಅಧ್ಯಕ್ಷರು ಬೆಚ್ಚಿ ಕೈ ತೆಗೆದರು. ಎರಡು ತಿಂಗಳಲ್ಲಿ ಯಂತ್ರ ಅವರಿಗೆ ಒಮ್ಮೆಯೂ ಕೂಗಿರಲಿಲ್ಲ. ಪರದೆಯ ಮೇಲೆ ಬೀಗದ ಚಿತ್ರ ಬಂತು. ತಪ್ಪು, ಒಂದು.

ನಾಲ್ಕು ಜನರಿದ್ದ ಕೋಣೆಯಲ್ಲಿ ಬೆವರಿದವನು ನಾನೊಬ್ಬನೇ. ಬೆರಳು ಜಾರಿರಬಹುದು, ಭಾವ ಇನ್ನೊಮ್ಮೆ ಒತ್ತಲಿ ಎಂದು ಅಧ್ಯಕ್ಷರು ಉದಾರಬುದ್ಧಿಯಿಂದ ಹೇಳಿದರು. ಸಂಧಾನವಾದ ಮನುಷ್ಯನಷ್ಟು ಅಪಾಯಕಾರಿ ಬೇರೆಯಿಲ್ಲ. ಮತ್ತೆ ಐದು ಮೌನ, ಮೂರು ಮೌನ, ಐದು ಕೀಂ. ತಪ್ಪು, ಎರಡು.

ಮೂರನೆಯದಕ್ಕೆ ಕಾರ್ಯದರ್ಶಿಗಳ ಕೈ ಮುಂದೆ ಹೋಯಿತು. ನಾನು ಯಂತ್ರದ ಮುಚ್ಚಳವನ್ನು ಕೈಯಿಂದ ಹಿಡಿದೆ. ನೋಂದಣಿ ಕಚೇರಿಯಲ್ಲಿ ಕ್ರಯಪತ್ರಕ್ಕೆ ಮೊದಲು ಸಹಿ ಹಾಕುವವನು ಮಾರುವವನು, ಆಮೇಲೆ ಸಾಕ್ಷಿ. ಸಾಕ್ಷಿ ಮೊದಲು ಹಾಕಿದರೆ ಪತ್ರ ವಾಪಸ್ಸು, ಆದರೆ ಸಾಕ್ಷಿಯಿಲ್ಲದೆ ಪತ್ರಕ್ಕೆ ಬೆಲೆಯೂ ಇಲ್ಲ, ಯಂತ್ರವೂ ಅದೇ ಕಾಯಿದೆಯದ್ದಿರಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಕಾನೂನಿನ ಹಾಗೆ ಕೇಳಿಸುವ ಮಾತಿಗೆ ನಮ್ಮ ಜಿಲ್ಲೆಯಲ್ಲಿ 'ಯಾಕೆ' ಎಂದು ಕೇಳುವವರಿಲ್ಲ. ಕಾರ್ಯದರ್ಶಿಗಳು ಕೈ ಹಿಂದೆಗೆದು, ಸಾಕ್ಷಿಯೇ ಮುಖ್ಯ ಅಲ್ವಾ ಎಂದು ಕೇಳಿದರು. ಸಾಕ್ಷಿಯೇ ಮುಖ್ಯ ಎಂದೆ.

ಅಧ್ಯಕ್ಷರು ಎಂಟು ಒತ್ತಿದರು. ಮೌನ. ಕಾರ್ಯದರ್ಶಿಗಳು ಒತ್ತಿದರು. ಕೀಂ, ಕೀಂ, ಕೀಂ, ಕೀಂ, ಕೀಂ. ಯಂತ್ರ ಕಣ್ಣು ಬಿಟ್ಟಿತು.

"ನೋಡಿದಿರಾ? ನಾನು ಹಾಕಿದ ಮೇಲೆಯೇ ತೆರೆದದ್ದು" ಎಂದರು ಕಾರ್ಯದರ್ಶಿಗಳು. ಅಧ್ಯಕ್ಷರು ಒಪ್ಪಿಕೊಂಡು ಭಾವನ ಬೆನ್ನು ತಟ್ಟಿದರು.

ಇಬ್ಬರೂ ಜಗಲಿಗೆ ಹೋದ ಮೇಲೆ ಟೀಚರ್ ನನ್ನನ್ನು ಹತ್ತಿರ ಕರೆದರು.

"ಮೊದಲು ಒತ್ತಿದವನಿಗೆ ಶಬ್ದ ಇಲ್ಲ, ನಂತರದವನಿಗೆ ಶಬ್ದ. ಆ ಯಂತ್ರಕ್ಕೆ ಒಬ್ಬನೇ ಸಾಕು, ಅಲ್ವಾ?"

ನಾನು ಜಗಲಿಯ ಕಡೆಯ ಬಾಗಿಲನ್ನು ಮುಂದಕ್ಕೆ ಎಳೆದೆ.

"ಒಳ್ಳೆಯದು, ಹೇಳಬೇಡ" ಎಂದರು. "ಇಬ್ಬರೂ ಬರುತ್ತಿರಲಿ."

ನಾನು ಅಂದೇ, ಸಮಿತಿಯ ತೀರ್ಮಾನವನ್ನು ಮುರಿದು, ಯಂತ್ರವನ್ನು ಆರಿಸದೆ ಕಾರಿನಲ್ಲಿ ಮಣಿಪಾಲಕ್ಕೆ ಕೊಂಡುಹೋಗುವ ಸಾಹಸ ಮಾಡಬೇಕೆಂದುಕೊಂಡೆ. ನಾಲ್ಕು ನಿಮಿಷದ ಬ್ಯಾಟರಿ ಅಡ್ಡ ಬಂತು. ಕೊನೆಗೆ ಇಬ್ಬರನ್ನೂ ಜೊತೆಗೆ ಕರೆದುಕೊಂಡೇ ಹೋದೆ. ಮುದ್ರಣಾಲಯದಲ್ಲಿ ಆರು ಜನ ನೌಕರರು ಕೆಲಸ ನಿಲ್ಲಿಸಿ ಗೋಡೆಗೆ ಮುಖಮಾಡಿ ನಿಂತರು. ಅಷ್ಟು ಶಿಸ್ತಿನ ಮುದ್ರಣಾಲಯವನ್ನು ನಾನು ಮತ್ತೆ ಕಂಡಿಲ್ಲ.

ಸಂಚಿಕೆಯ ಮೊದಲ ಪ್ರತಿ ಕೈಗೆ ಬಂದ ದಿನ, ಬಿಡುಗಡೆಗೆ ಇನ್ನೂ ಎರಡು ದಿನವಿದ್ದರೂ, ನಾನು ಅದನ್ನು ಪೇಪರಿನಲ್ಲಿ ಸುತ್ತಿ ಎಲ್ಲೂರಿಗೆ ಒಯ್ದೆ. ಟೀಚರ್ ಅದನ್ನು ತೊಡೆಯ ಮೇಲಿಟ್ಟುಕೊಂಡು ದಪ್ಪ ಅಳೆದರು. ತಮ್ಮದು ಎಲ್ಲಿ ಎಂದರು. ನಾನು ಪುಟ ತೆರೆದು ಅವರ ಬೆರಳನ್ನು ಹೆಸರಿನ ಮೇಲಿಟ್ಟೆ. ಅಚ್ಚಾದ ಅಕ್ಷರ ಬೆರಳಿಗೆ ಸಿಗುವುದಿಲ್ಲ. ಆದರೂ ಅವರು ಅದನ್ನು ಈ ತುದಿಯಿಂದ ಆ ತುದಿಗೆ ಸವರಿದರು. ಎಷ್ಟು ಪುಟ ಎಂದು ಕೇಳಿದರು. ಆರು ಎಂದೆ. ಅಧ್ಯಕ್ಷನಿಗೆ ಎಷ್ಟು ಎಂದರು. ಎರಡು ಎಂದೆ, ಅದರಲ್ಲಿ ಒಂದು ಫೋಟೋ.

"ಎದುರಿನ ಪುಟದಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ ಟೀಚರ್. ಜಾಹೀರಾತು. ಪಂಪ್‌ಸೆಟ್ಟಿನದ್ದು."

"ಇರಲಿ. ಆ ಕಡೆಯಿಂದ ಗಲಾಟೆ ಇಲ್ಲ" ಎಂದು ಅವರು ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. "ಓದು. ನಿಧಾನವಾಗಿ ಓದು, ನಿನಗೆ ಮೊದಲಿನಿಂದಲೂ ಅವಸರ."

ಮೊಮ್ಮಗಳು ಕುರ್ಚಿ ತಂದು ಹಾಕಿದಳು. ನಾನು ನಿಂತೇ ಓದಿದೆ.